ಹರಿಣಗಳಿಗೆಂದು ಬಿತ್ತುವ ಕುದುರೆಮಸಾಲೆ

ಹೊಲಕ್ಕೆ ಬೇಲಿ ಕಟ್ಟುವುದು ಮೃಗಗಳು ಒಳಗೆ ಬಾರದಿರಲೆಂದು. ಇದು ನಮ್ಮ ರೈತನಿಗೆ ಯಾರೂ ಕಲಿಸಿಕೊಡಬೇಕಾದ ಪಾಠವಲ್ಲ. ರಾಗಿಯ ತೆನೆ ಹಾಲುಗಟ್ಟುವ ಕಾಲಕ್ಕೆ ಅವನು ಅಟ್ಟಣೆಯ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತು, ತಮಟೆ ಬಡಿದು, ಕೂಗುಹಾಕಿ ರಾತ್ರಿಯನ್ನು ಕಳೆಯುತ್ತಾನೆ. ಆದರೂ ಬೆಳಗಾಗುವಷ್ಟರಲ್ಲಿ ಜಿಂಕೆಯ ಹಿಂಡೋ ಹಂದಿಯ ಹಿಂಡೋ ತನ್ನ ಪಾಲನ್ನು ತೆಗೆದುಕೊಂಡು ಹೋಗಿರುವುದುಂಟು. ಇಂಥ ನಾಡಿನವರಾದ ನಮಗೆ, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಸಂಖ್ಯಾತ ಭೂಮಾಲೀಕರು ನೆಲವನ್ನು ಉತ್ತು, ಸುಣ್ಣವನ್ನು ಹರಡಿ, ಬೆಲೆಬಾಳುವ ಬೀಜವನ್ನು ಬಿತ್ತಿ, ಆ ಬೆಳೆಯನ್ನು ಕಾಡುಜಿಂಕೆಗಳು ಬಂದು ಮೇಯಲೆಂದೇ ಹಾದಿ ನೋಡುತ್ತ ಕುಳಿತಿರುತ್ತಾರೆಂದರೆ ನಗು ಬಂದೀತು. ಹಾಗೆ ಬಿತ್ತಿದ ತುಂಡುಭೂಮಿಯನ್ನು ನಾವು ಮೇವಿನ ತಾಕು ಎಂದು ಕರೆಯೋಣ. ಅದರಲ್ಲಿ ಬಿತ್ತುವ ಸಸ್ಯಗಳು ಹಲವು. ಅವುಗಳ ಪೈಕಿ ಹೆಚ್ಚು ಕೀರ್ತಿಯನ್ನೂ ಹೆಚ್ಚು ತೊಂದರೆಯನ್ನೂ ಪಡೆದಿರುವುದು ಕುದುರೆಮಸಾಲೆ.

ಈ ವಿಷಯವು ಗೃಹಸ್ಥರಾದ ವಾಚಕರಿಗೆ ಏತಕ್ಕೆಂದು ಕೇಳಬಹುದು. ಈಗ ನಮ್ಮ ಬೀದಿಯಲ್ಲಿ ಎರಡು ಮನೆಗೊಂದು ಮನೆಯ ಮಗನೋ ಮಗಳೋ ಆ ದೇಶದಲ್ಲಿ ನೆಲೆಸಿರುವುದನ್ನು ಕಾಣುತ್ತೇವೆ. ಅಲ್ಲಿಂದ ಬರುವ ಚಿತ್ರಗಳಲ್ಲಿ ಮೊಮ್ಮಕ್ಕಳ ಬೆನ್ನ ಹಿಂದೆ ಹಿತ್ತಿಲಿನಲ್ಲಿ ನಿಂತ ಜಿಂಕೆಯೂ ಆಗಾಗ ಕಾಣಿಸಿಕೊಳ್ಳುತ್ತದೆ. ಆ ಜಿಂಕೆಗೆ ಏನನ್ನು ತಿನ್ನಿಸಬಹುದು, ಏನನ್ನು ತಿನ್ನಿಸಕೂಡದು ಎಂಬುದನ್ನು ತಿಳಿದುಕೊಂಡರೆ ನಷ್ಟವೇನಿಲ್ಲ. ಇನ್ನೊಂದು ಮಾತು: ಸಸ್ಯವಂತೂ ನಮಗೆ ಹೊಸದಲ್ಲ.

ಅಮೆರಿಕದವರು ಆಲ್ಫಾಲ್ಫಾ ಎಂತಲೂ ಇಂಗ್ಲೆಂಡಿನವರು ಲೂಸರ್ನ್ ಎಂತಲೂ ಹೇಳುವ ಇದಕ್ಕೆ ಕನ್ನಡದಲ್ಲಿ ಕುದುರೆಮಸಾಲೆ ಎಂದು ಹೆಸರು. ಮೆಂತ್ಯಕ್ಕೆ ಇದು ಹತ್ತಿರದ ದಾಯಾದಿ; ಎಳೆಯ ಗಿಡವನ್ನು ನೋಡಿದ ಗೃಹಿಣಿಯು ಇದನ್ನು ಮೆಂತ್ಯದ ಸೊಪ್ಪೆಂದೇ ಭ್ರಮಿಸಿದರೆ ಆಶ್ಚರ್ಯವಿಲ್ಲ. ಅದರಂತೆಯೇ ಮೂರು ಮೂರು ಎಲೆ. ಹೂವು ಮಾತ್ರ ನೇರಳೆಬಣ್ಣದ್ದು, ಕಾಯಿ ಸುರುಳಿ ಸುತ್ತಿಕೊಂಡದ್ದು. ಹೆಸರಿನ ಹಿಂದೆ ಒಂದು ಸೊಗಸಾದ ವಂಶಾವಳಿಯಿದೆ. ಹಳೆಯ ಪಾರಸಿಕ ಭಾಷೆಯಲ್ಲಿ ಇದನ್ನು ಅಸ್ಪಸ್ತ್ ಎಂದು ಕರೆಯುತ್ತಿದ್ದರು. ಅವರ ಅಸ್ಪವೂ ನಮ್ಮ ಸಂಸ್ಕೃತದ ಅಶ್ವವೂ ಒಂದೇ ಶಬ್ದದ ಎರಡು ರೂಪಗಳು. ಒಟ್ಟು ಪದದ ಅರ್ಥವು ಕುದುರೆಯ ಆಹಾರವೆಂದು. ಅದನ್ನು ಅರಬ್ಬರು ಫಸ್ಫಸ ಎಂದು ತಿರುಚಿದರು. ಮುಂದೆ ಅಲ್ ಎಂಬುದನ್ನು ಸೇರಿಸಿಕೊಂಡು ಅದು ಸ್ಪೇನ್ ದೇಶಕ್ಕೆ ಹೋಗಿ ಆಲ್ಫಾಲ್ಫಾ ಆಯಿತು. ಇತ್ತ ಕನ್ನಡಿಗನು ಪಾರಸಿಯನ್ನು ಓದದೆಯೇ, ಕಣ್ಣಿಗೆ ಕಂಡುದನ್ನು ಕಂಡಂತೆ ಹೇಳಿ, ಅದೇ ಕುದುರೆಯ ಹೆಸರನ್ನೇ ಇಟ್ಟನು. ಗ್ರೀಕರಾದರೋ ಇದನ್ನು ಮೀಡಿಯಾ ದೇಶದ ಗಿಡವೆಂದು ಕರೆದರು. ಕ್ರಿಸ್ತಪೂರ್ವ 490ರ ಸುಮಾರಿನಲ್ಲಿ ದರಾಯವುಷನ ದಂಡಯಾತ್ರೆಯ ಕಾಲದಲ್ಲಿ ಇದು ಗ್ರೀಸಿಗೆ ಬಂತೆಂದು ರೋಮಿನ ಪ್ಲೀನಿಯು ಬರೆದಿಟ್ಟಿದ್ದಾನೆ. ಸಸ್ಯಶಾಸ್ತ್ರಜ್ಞರು ಇಂದಿಗೂ ಬಳಸುವ ಮೆಡಿಕಾಗೋ ಎಂಬ ಹೆಸರಿನಲ್ಲಿ ಆ ಮೀಡಿಯಾ ದೇಶವು ಉಳಿದುಕೊಂಡಿದೆ.

ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಇದನ್ನು ದಕ್ಷಿಣ ಅಮೆರಿಕಕ್ಕೆ ಒಯ್ದರು. ಅಲ್ಲಿನ ಚಿಲಿ ದೇಶದಿಂದ 1850ರ ಸುಮಾರಿಗೆ, ಚಿನ್ನದ ಆಸೆಗೆ ಜನರು ನುಗ್ಗುತ್ತಿದ್ದ ಕಾಲದಲ್ಲಿ, ಬೀಜವು ಕ್ಯಾಲಿಫೋರ್ನಿಯಾಕ್ಕೆ ಬಂತು. ಆದರೆ ಆ ಬೀಜವು ಬೆಚ್ಚನೆಯ ಸೀಮೆಯದು. ಉತ್ತರದ ಹಿಮದಲ್ಲಿ ಅದು ಬದುಕಲಿಲ್ಲ. ಹಿಮವನ್ನು ಗೆದ್ದ ಬೀಜದ ಕಥೆ ಬೇರೆ. 1857ರಲ್ಲಿ ಜರ್ಮನಿಯ ಬಾಡೆನ್ ಪ್ರಾಂತದಿಂದ ವೆಂಡೆಲಿನ್ ಗ್ರಿಮ್ ಎಂಬ ಒಬ್ಬ ರೈತನು ಮಿನಿಸೋಟಾದ ಕಾರ್ವರ್ ಜಿಲ್ಲೆಗೆ ವಲಸೆ ಹೋದನು. ಅವನ ಪೆಟ್ಟಿಗೆಯಲ್ಲಿ ಇಪ್ಪತ್ತು ಪೌಂಡಿಗೆ ಮೀರದಷ್ಟು ಕುದುರೆಮಸಾಲೆಯ ಬೀಜವಿತ್ತು. ಬಿತ್ತಿದನು, ಚಳಿಗಾಲದಲ್ಲಿ ಬಹುಪಾಲು ಗಿಡಗಳು ಸತ್ತವು. ಉಳಿದ ನಾಲ್ಕಾರು ಗಿಡಗಳ ಬೀಜವನ್ನು ಜೋಪಾನವಾಗಿ ಬಿಡಿಸಿ ಮರುವರ್ಷ ಬಿತ್ತಿದನು. ಪುನಃ ಹಲವು ಸತ್ತವು. ಹೀಗೆ ವರ್ಷ ವರ್ಷವೂ ಸತ್ತದ್ದನ್ನು ಬಿಟ್ಟು ಉಳಿದುದನ್ನು ಬಿತ್ತುತ್ತ ಹೋದ ಆ ಮನುಷ್ಯನ ಹೊಲದಲ್ಲಿ, ಅವನಿಗೇ ಅರಿವಿಲ್ಲದಂತೆ, ಹಿಮಕ್ಕೆ ಜಗ್ಗದ ಒಂದು ತಳಿ ಸಿದ್ಧವಾಯಿತು. ಗ್ರಿಮ್ ತಳಿಯೆಂದು ಹೆಸರಾದ ಅದು ಉತ್ತರ ಅಮೆರಿಕದ ಹಿಮಪ್ರದೇಶಗಳಲ್ಲೆಲ್ಲ ಹಬ್ಬಿ, ಹಾಲಿನ ದನಗಳನ್ನು ಸಾಕಿತು. ದೊಡ್ಡ ಪ್ರಯೋಗಶಾಲೆಗಳ ಕೆಲಸವನ್ನು ಹಟಮಾರಿಯಾದ ಒಕ್ಕಲಿಗನೊಬ್ಬನು ಮಾಡಿ ತೋರಿಸಿದನು. ಇಂದು ವಿಸ್ಕಾನ್ಸಿನ್, ಮಿಚಿಗನ್, ಪೆನ್ಸಿಲ್ವೇನಿಯಾ ಮೊದಲಾದ ಸಂಸ್ಥಾನಗಳಲ್ಲಿ ಜಿಂಕೆಗಳು ಸಂಜೆಯ ಹೊತ್ತು ಕಾಡಿನಂಚಿನಿಂದ ಹೊರಬಂದು ಮೇಯುವ ಹೊಲಗಳು ಬಹುಮಟ್ಟಿಗೆ ಇಂಥ ಹಿಮಸಹಿಷ್ಣುವಾದ ತಳಿಗಳವೇ.

ಇನ್ನು ಜಿಂಕೆಯ ವಿಷಯ. ಸಂಸ್ಕೃತದಲ್ಲಿ ಮೃಗವೆಂಬ ಶಬ್ದಕ್ಕೆ ಸಾಮಾನ್ಯವಾಗಿ ಕಾಡುಪ್ರಾಣಿ ಎಂತಲೂ, ವಿಶೇಷವಾಗಿ ಜಿಂಕೆಯೆಂತಲೂ ಎರಡು ಅರ್ಥಗಳಿವೆ. ಹುಡುಕು ಎಂಬರ್ಥದ ಧಾತುವಿನಿಂದ ಬಂದ ಮೃಗಯೆಯೆಂದರೆ ಬೇಟೆ. ಹೆಸರಿನಲ್ಲಿಯೇ ಬೇಟೆಗಾರನನ್ನು ಬೆನ್ನಿಗೆ ಕಟ್ಟಿಕೊಂಡು ಹುಟ್ಟಿದ ಪ್ರಾಣಿ ಇದು. ಅಮೆರಿಕದ ಬಿಳಿಬಾಲದ ಜಿಂಕೆಯ ಪಾಡೂ ಹಾಗೆಯೇ ಆಯಿತು. ಬೆದರಿ ಓಡುವಾಗ ಬಾಲವನ್ನೆತ್ತಿ ಅದರ ಅಡಿಯ ಬಿಳಿಯನ್ನು ಪತಾಕೆಯಂತೆ ತೋರಿಸುವುದರಿಂದ ಅದಕ್ಕೆ ಆ ಹೆಸರು. ನಮ್ಮ ಕೃಷ್ಣಮೃಗಕ್ಕೂ ಇದಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ: ಕೃಷ್ಣಮೃಗದ ಕೊಂಬು ಹುಟ್ಟಿದ್ದು ಸಾಯುವ ಪರ್ಯಂತ ಇರತಕ್ಕುದು, ಬಿಳಿಬಾಲದ ಗಂಡುಜಿಂಕೆಯ ಕವಲುಗೊಂಬಾದರೋ, ನಮ್ಮ ಚುಕ್ಕೆಜಿಂಕೆಯದರಂತೆ, ಉದುರಿ ಹೊಸದಾಗಿ ಬೆಳೆಯತಕ್ಕುದು. ಹಿಂದಿನ ಶತಮಾನಗಳಲ್ಲಿ ಚರ್ಮಕ್ಕೂ ಮಾಂಸದ ಮಾರಾಟಕ್ಕೂ ಇದನ್ನು ಮಿತಿಯಿಲ್ಲದೆ ಕೊಂದರು, ಕಾಡನ್ನೂ ಕಡಿದರು. 1900ರ ಸುಮಾರಿಗೆ ಇಡೀ ದೇಶದಲ್ಲಿ ಉಳಿದವು ಕೆಲವು ಲಕ್ಷಗಳು ಮಾತ್ರವೆಂದು ಅಂದಾಜು. ಆ ವರ್ಷವೇ ಲೇಸಿ ಶಾಸನವೆಂಬುದು ಹುಟ್ಟಿ, ಕಾನೂನಿಗೆ ವಿರೋಧವಾಗಿ ಕೊಂದ ಪ್ರಾಣಿಯನ್ನು ಒಂದು ಸಂಸ್ಥಾನದಿಂದ ಮತ್ತೊಂದಕ್ಕೆ ಸಾಗಿಸುವುದು ಅಪರಾಧವಾಯಿತು. 1937ರಲ್ಲಿ ಪಿಟ್ಮನ್-ರಾಬರ್ಟ್‌ಸನ್ ಶಾಸನವು ಬಂದು, ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ರಕ್ಷಣೆಗೆ ಮೀಸಲಾಗಿರಿಸಿತು. ಬೇಟೆಗಾರನ ಹಣದಿಂದಲೇ ಬೇಟೆಯ ಪ್ರಾಣಿಯನ್ನು ಉಳಿಸುವ ಈ ಏರ್ಪಾಡು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೂ ಫಲಿಸಿತೆಂಬುದು ಸುಳ್ಳಲ್ಲ. ಇಂದು ಅಲ್ಲಿ ಈ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿ.

ಮೂರು ಕೋಟಿ ಜಿಂಕೆಗಳು ಕಾಡಿನಲ್ಲಿ ತಮ್ಮ ಪಾಡಿಗೆ ತಾವು ಮೇದುಕೊಂಡಿರುವಾಗ ಅವುಗಳಿಗೆ ಬೇರೆ ಬೇಸಾಯವೇಕೆ? ಜಿಂಕೆಯು ದನದಂತೆ ಹುಲ್ಲನ್ನು ಬಾಚಿ ತಿನ್ನುವ ಪ್ರಾಣಿಯಲ್ಲ. ಚಿಗುರು, ಎಳೆಯ ಕಡ್ಡಿ, ಅಗಲವಾದ ಎಲೆಯ ಗಿಡ, ಓಕ್ ಮರದ ಕಾಯಿ, ಅಣಬೆ, ಹೀಗೆ ಒಂದೊಂದರಲ್ಲಿ ಒಂದೊಂದು ಬಾಯಿ ತಿನ್ನುತ್ತ ಮುಂದೆ ಹೋಗುವುದು ಅದರ ಸ್ವಭಾವ. ಬೇಸಗೆಯ ಎರಡು ಮೂರು ತಿಂಗಳು ಮಾತ್ರ ಅದಕ್ಕೆ ಸಾರವುಳ್ಳ ಆಹಾರದ ಅವಶ್ಯಕತೆಯು ಹೆಚ್ಚು. ತಾಯಿಯು ಆಗ ಒಂದೋ ಎರಡೋ ಮರಿಗಳಿಗೆ ಹಾಲೂಡುತ್ತಿರುತ್ತದೆ. ಗಂಡಿನ ಕೊಂಬು ಏಪ್ರಿಲಿನಿಂದ ಆಗಸ್ಟಿನೊಳಗೆ ಸಂಪೂರ್ಣವಾಗಿ ಬೆಳೆದು ನಿಲ್ಲಬೇಕು. ಪ್ರಾಣಿಪ್ರಪಂಚದಲ್ಲಿ ಅಷ್ಟು ಶೀಘ್ರವಾಗಿ ಬೆಳೆಯುವ ಅಂಗಗಳು ಅಪರೂಪ. ಆ ದಿನಗಳಲ್ಲಿ ತಿನ್ನುವ ಮೇವಿನಲ್ಲಿ ನೂರಕ್ಕೆ ಹದಿನಾರರಷ್ಟಾದರೂ ಸಸಾರಜನಕವು ಇದ್ದರೆ ಒಳ್ಳೆಯದೆಂದು ತಜ್ಞರು ಹೇಳುತ್ತಾರೆ. ಮೊಗ್ಗೊಡೆಯುವುದಕ್ಕೆ ಮುಂಚಿನ ಎಳೆಯ ಕುದುರೆಮಸಾಲೆಯಲ್ಲಿ ಅದು ಇಪ್ಪತ್ತರ ಸುಮಾರಿಗಿರುತ್ತದೆ. ಅಲ್ಲದೆ ಆಳವಾದ ಮಣ್ಣಿನಲ್ಲಿ ಇದರ ತಾಯಿಬೇರು ಹತ್ತಡಿಗೂ ಮಿಗಿಲಾಗಿ ಕೆಳಕ್ಕಿಳಿಯುವುದರಿಂದ, ಮಳೆಯಿಲ್ಲದೆ ಉಳಿದ ಹಸಿರೆಲ್ಲ ಬಾಡಿದಾಗಲೂ ಇದು ಹಸಿರಾಗಿ ನಿಂತಿರುತ್ತದೆ.

ಗುಣವು ಹೀಗೆ, ಬೇಸಾಯವೋ ಸುಲಭವಲ್ಲ. ಕಾಡಿನ ನಡುವೆ ಒಂದಿಷ್ಟು ಮರ ಕಡಿದು, ಬೀಜವನ್ನು ಎರಚಿ ಬಂದರೆ ಕುದುರೆಮಸಾಲೆ ಬೆಳೆದೀತೆಂದು ನಂಬಿದವರು ಹಣ ಕಳೆದುಕೊಳ್ಳುತ್ತಾರೆ. ಇದಕ್ಕೆ ನೀರು ನಿಲ್ಲದ ನೆಲ ಬೇಕು. ಕಾಲನ್ನು ನೀರಿನಲ್ಲಿಟ್ಟುಕೊಂಡು ನಿಲ್ಲುವ ಗಿಡ ಇದಲ್ಲ. ಕಾಡುಮಣ್ಣು ಪ್ರಾಯಶಃ ಹುಳಿಯಾದುದು. ಮಣ್ಣಿನ ರಸಸಾರವು ಆರೂವರೆಯಿಂದ ಏಳರೊಳಗೆ ಇರಬೇಕು. ಕಡಿಮೆಯಿದ್ದರೆ ಸುಣ್ಣದ ಕಲ್ಲಿನ ಪುಡಿಯನ್ನು ಬಿತ್ತನೆಗೆ ಆರು ತಿಂಗಳು ಮುಂಚಿತವಾಗಿಯೇ ಹಾಕಿ ಮಣ್ಣಿನಲ್ಲಿ ಬೆರೆಸಬೇಕು, ಏಕೆಂದರೆ ಅದು ತನ್ನ ಕೆಲಸವನ್ನು ಸಾವಕಾಶವಾಗಿ ಮಾಡತಕ್ಕುದು. ಮಣ್ಣನ್ನು ಪರೀಕ್ಷೆಗೆ ಕೊಡದೆ ಸುಣ್ಣವನ್ನು ಅಂದಾಜಿನಿಂದ ಹಾಕುವವನು ನಾಡಿ ನೋಡದೆ ಔಷಧಿ ಕೊಡುವ ವೈದ್ಯನಿಗೆ ಸಮಾನ. ಬೇರುಗಂಟುಗಳಲ್ಲಿ ವಾಸಮಾಡಿ ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಾಣುಗಳು ಪ್ರತಿಯೊಂದು ದ್ವಿದಳ ಗಿಡದ ಗುಂಪಿಗೂ ಬೇರೆ ಬೇರೆ ಇರುವುದರಿಂದ, ಇದಕ್ಕೆ ಸಲ್ಲತಕ್ಕ ಸೂಕ್ಷ್ಮಾಣುವನ್ನೇ ಬೀಜಕ್ಕೆ ಲೇಪಿಸಿರಬೇಕು. ಅದಾದರೆ ಸಾರಜನಕದ ಗೊಬ್ಬರ ಬೇಡ. ಪೊಟ್ಯಾಷ್ ಮಾತ್ರ ಧಾರಾಳವಾಗಿ ಬೇಕು. ಹೊಲದಿಂದ ಹೊರಹೋಗುವ ಒಂದೊಂದು ಟನ್ ಒಣಮೇವಿನೊಡನೆ ಸುಮಾರು ಐವತ್ತು ಪೌಂಡು ಪೊಟ್ಯಾಷ್ ಹೋಗಿಬಿಡುತ್ತದೆ.

ಬೀಜವು ಅತಿ ಸಣ್ಣದು. ಒಂದು ಪೌಂಡಿಗೆ ಎರಡು ಲಕ್ಷಕ್ಕೆ ಕಡಿಮೆಯಿಲ್ಲ. ಎಕರೆಗೆ ಹದಿನೈದರಿಂದ ಇಪ್ಪತ್ತು ಪೌಂಡು ಸಾಕು. ಹೆಚ್ಚು ಆಳಕ್ಕೆ ಬಿದ್ದರೆ ಅನೇಕ ಮೊಳಕೆಗಳು ಮೇಲಕ್ಕೆ ಬರಲಾರವು. ಆದುದರಿಂದ ನೆಲವನ್ನು ಗಟ್ಟಿಯಾಗಿ ಅದುಮಿರಬೇಕು. ಅದರ ಮೇಲೆ ನಡೆದರೆ ಪಾದದ ಗುರುತು ಅರ್ಧ ಅಂಗುಲಕ್ಕಿಂತ ಹೆಚ್ಚು ಇಳಿಯಬಾರದೆಂಬುದು ಅಲ್ಲಿನ ರೈತರ ಅಳತೆ. ಉತ್ತರದ ಸಂಸ್ಥಾನಗಳಲ್ಲಿ ಏಪ್ರಿಲ್ ಮೇ ತಿಂಗಳಿನಲ್ಲಾಗಲಿ, ಇಲ್ಲವೆ ಆಗಸ್ಟಿನ ಮೊದಲ ಪಕ್ಷದಲ್ಲಾಗಲಿ ಬಿತ್ತುತ್ತಾರೆ. ಒಮ್ಮೆ ನೆಲೆಯಾದರೆ ನಾಲ್ಕರಿಂದ ಆರು ವರ್ಷ ಉತ್ತಮವಾಗಿ ಬದುಕುತ್ತದೆ. ಆಮೇಲೆ ತೆಳುವಾದ ಹೊಲದಲ್ಲಿ ಖಾಲಿ ಜಾಗಕ್ಕೆ ಪುನಃ ಅದೇ ಬೀಜವನ್ನು ಎರಚಿದರೆ ಹುಟ್ಟುವುದಿಲ್ಲ. ಹಳೆಯ ಗಿಡವು ತನ್ನ ಸಂತಾನವನ್ನೇ ಕೊಲ್ಲುವ ಒಂದು ವಿಷದ್ರವ್ಯವನ್ನು ಮಣ್ಣಿಗೆ ಬಿಟ್ಟಿರುತ್ತದೆ. ಹಳೆಯದನ್ನು ಉತ್ತು ಕೆಡಹಿ, ಒಂದು ವರ್ಷ ಮೆಕ್ಕೆಜೋಳವನ್ನೋ ಓಟ್ಸ್ ಧಾನ್ಯವನ್ನೋ ಬೆಳೆದು, ಆಮೇಲೆ ಬಿತ್ತಬೇಕು. ಸ್ವಸಂತಾನದ್ವೇಷವು ಪುರಾಣದ ರಾಜರಲ್ಲಿ ಮಾತ್ರ ಇರುವುದೆಂದು ತಿಳಿದಿದ್ದ ನಮಗೆ ಇದು ಹೊಸ ವಿಷಯವಾಗಿತ್ತು.

ಕೀಟಗಳ ವಿಷಯವನ್ನು ಬೆಳೆಸುವುದಿಲ್ಲ. ಪ್ರತಿವರ್ಷವೂ ದಕ್ಷಿಣದ ಕಡಲಕರೆಯ ಸಂಸ್ಥಾನಗಳಿಂದ ಗಾಳಿಯನ್ನೇರಿ ಉತ್ತರಕ್ಕೆ ಬರುವ ಒಂದು ಹಸಿರು ಜಿಗಿಹುಳುವು ಎಲೆಯ ತುದಿಯನ್ನು ಹಳದಿಮಾಡಿಬಿಡುತ್ತದೆಂದು ಹೇಳಿದರೆ ಸಾಕು.

ಇನ್ನು ಹೊಲದ ವಿಸ್ತಾರ. ಅರ್ಧ ಎಕರೆಯ ತಾಕಿನಲ್ಲಿ ಬಿತ್ತಿದರೆ, ಗಿಡವು ಬೇರೂರುವುದಕ್ಕೆ ಮುಂಚೆಯೇ ಜಿಂಕೆಗಳು ನೆಲಸಮವಾಗಿ ಮೇದು ಮುಗಿಸುತ್ತವೆ; ಎರಡು ಮೂರು ಎಕರೆಯಾದರೂ ಇಲ್ಲದವರು ಇದಕ್ಕೆ ಕೈಹಾಕದಿರುವುದು ಲೇಸು. ಅಂಥವರಿಗೆ ಬಿಳಿಯ ಕ್ಲೋವರ್ ಎಂಬ ಗಿಡವು ಸಾಕು. ಅದು ಇದೇ ವಂಶದ್ದು, ತುಸು ಹುಳಿಮಣ್ಣನ್ನೂ ನೆರಳನ್ನೂ ತೇವವನ್ನೂ ಸಹಿಸಿಕೊಳ್ಳುತ್ತದೆ, ಕೊಯ್ಲಿನ ಕಾಟವೂ ಕಡಿಮೆ. ಜಿಂಕೆಗಳು ಎಷ್ಟು ತಿನ್ನುತ್ತಿವೆಯೆಂಬುದನ್ನು ತಿಳಿಯಲು ಒಂದು ಸುಲಭೋಪಾಯವಿದೆ. ತಂತಿಬಲೆಯನ್ನು ಮೂರಡಿ ಅಗಲದ ಬುಟ್ಟಿಯಂತೆ ಸುತ್ತಿ ಹೊಲದ ನಡುವೆ ಊರಬೇಕು. ಬುಟ್ಟಿಯೊಳಗೆ ಗಿಡವು ಮೊಳಕಾಲೆತ್ತರ, ಹೊರಗೆ ಬೆರಳೆತ್ತರ ಇದ್ದರೆ ಹೊಲವು ಚಿಕ್ಕದಾಯಿತೆಂದಾಗಲಿ ಜಿಂಕೆಗಳು ಹೆಚ್ಚಾದವೆಂದಾಗಲಿ ಅರ್ಥ. ಮಾತುಗಾರರ ಅಂದಾಜಿಗಿಂತ ಆ ತಂತಿಯ ಬುಟ್ಟಿಯ ಸಾಕ್ಷ್ಯವೇ ನಮಗೆ ಹೆಚ್ಚು ಮಾನ್ಯ.

ಎಲ್ಲಕ್ಕಿಂತ ಕಷ್ಟವಾದದ್ದು ಕೊಯ್ಲು. ಜಿಂಕೆಗೆಂದು ಬಿತ್ತಿದ್ದಲ್ಲವೆ, ಕೊಯ್ಯುವುದೇಕೆ, ಸುಮ್ಮನೆ ಬಿಟ್ಟರಾಯಿತು ಎಂದು ತೋರುವುದು ಸಹಜ. ಆದರೆ ಕುದುರೆಮಸಾಲೆಯು ಹೂಬಿಟ್ಟಮೇಲೆ ಅದರ ಕಾಂಡವು ಕಟ್ಟಿಗೆಯಂತಾಗುತ್ತದೆ, ಕೆಳಗಿನ ಎಲೆಗಳು ಉದುರುತ್ತವೆ. ಸಾರವೆಲ್ಲ ಎಲೆಯಲ್ಲಿರುವುದರಿಂದ ಜಿಂಕೆಯು ಅದನ್ನು ಮೂಸಿ ಬಿಟ್ಟುಹೋಗುತ್ತದೆ. ಆದ್ದರಿಂದ ಹತ್ತರಲ್ಲೊಂದು ಪಾಲು ಹೂ ಕಂಡೊಡನೆ ಕೊಯ್ದು, ಒಣಗಿಸಿ, ಸಾಗಿಸಿ, ಹೊಸ ಚಿಗುರಿಗೆ ಅವಕಾಶವನ್ನು ಕೊಡಬೇಕು. ಬೇಸಗೆಯಲ್ಲಿ ಮೂರು ಕೊಯ್ಲು, ಕೆಲವೆಡೆ ನಾಲ್ಕು. ಕಡೆಯ ಕೊಯ್ಲಿಗೂ ಗಿಡವನ್ನು ಸುಡುವ ಮೊದಲ ಹಿಮಕ್ಕೂ ನಡುವೆ ಆರು ವಾರವಾದರೂ ಇರಬೇಕು. ಆ ಅವಧಿಯಲ್ಲಿ ಗಿಡವು ಚಳಿಗಾಲದ ಬುತ್ತಿಯನ್ನು ಬೇರಿನಲ್ಲಿ ಕಟ್ಟಿಟ್ಟುಕೊಳ್ಳುತ್ತದೆ. ಹೀಗೆ ಟ್ರಾಕ್ಟರೂ ಕೊಯ್ಲಿನ ಯಂತ್ರವೂ ಇಲ್ಲದವನು ನೆರೆಯ ಹಾಲಿನ ರೈತನೊಡನೆ ಒಪ್ಪಂದವನ್ನು ಮಾಡಿಕೊಳ್ಳುತ್ತಾನೆ: ಕೊಯ್ದ ಮೇವು ಅವನ ದನಗಳಿಗೆ, ಚಿಗುರು ಜಿಂಕೆಗಳಿಗೆ.

ಮೊದಲನೆಯ ಕೊಯ್ಲು ಬೀಳುವುದು ಮೇ ತಿಂಗಳ ಕಡೆಯ ವಾರದಲ್ಲಿಯೋ ಜೂನ್ ತಿಂಗಳ ಮೊದಲ ವಾರದಲ್ಲಿಯೋ. ಜಿಂಕೆಯು ಮರಿಹಾಕುವುದೂ ಸರಿಯಾಗಿ ಅದೇ ದಿನಗಳಲ್ಲಿ. ಹುಟ್ಟಿದ ಒಂದೆರಡು ವಾರ ಮರಿಗೆ ಓಡುವ ಶಕ್ತಿಯಿಲ್ಲ; ಅಪಾಯ ಬಂದರೆ ತಲೆಯನ್ನು ನೆಲಕ್ಕೊತ್ತಿ ಮಿಸುಕದೆ ಮಲಗಿರುವುದೇ ಪ್ರಕೃತಿಯು ಅದಕ್ಕೆ ಕಲಿಸಿದ ವಿದ್ಯೆ. ಮೈಮೇಲೆ ಬಿಸಿಲಿನ ತುಣುಕುಗಳಂಥ ಬಿಳಿಯ ಚುಕ್ಕೆಗಳು. ಮೈಯ ವಾಸನೆಯೂ ಅತಿ ಅಲ್ಪ. ತಾಯಿಯು ದೂರದಲ್ಲಿದ್ದುಕೊಂಡು ದಿನಕ್ಕೆ ಕೆಲವು ಸಲ ಮಾತ್ರ ಬಂದು ಹಾಲೂಡಿಸಿ ಹೋಗುತ್ತದೆ. ತೋಳಕ್ಕೂ ನರಿಗೂ ಸಲ್ಲುವ ಈ ಉಪಾಯವು ಉಕ್ಕಿನ ಅಲಗಿಗೆ ಸಲ್ಲುವುದಿಲ್ಲ. ಮೊಳಕಾಲೆತ್ತರದ ಸೊಂಪಾದ ಕುದುರೆಮಸಾಲೆಗಿಂತ ಒಳ್ಳೆಯ ಅಡಗುದಾಣವಿಲ್ಲವೆಂದು ತಾಯಿಯು ಮರಿಯನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ, ಯಂತ್ರವು ಬರುತ್ತದೆ, ಮರಿಯು ಮಿಸುಕುವುದಿಲ್ಲ.

ನಮ್ಮಲ್ಲಿ ಓದಿದ ಹುಡುಗನೊಬ್ಬನು, ಹುಡುಗನೆಂದರೆ ಈಗ ನಲವತ್ತೈದು ದಾಟಿದ ಸಂಸಾರಿ, ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಹನ್ನೆರಡು ಎಕರೆಯ ಹಳೆಯ ತೋಟದ ಮನೆಯನ್ನು ಕೊಂಡನು. ಅದರಲ್ಲಿ ನಾಲ್ಕು ಎಕರೆ ಕುದುರೆಮಸಾಲೆಯಿತ್ತು. ಮಗಳು ಕಿಟಕಿಯಲ್ಲಿ ಕುಳಿತು ಸಂಜೆಯ ಹೊತ್ತು ಜಿಂಕೆಗಳನ್ನು ಎಣಿಸುವಳು. ಅವಳಿಗಾಗಿ ಹೊಲವನ್ನು ಹಾಗೆಯೇ ಉಳಿಸಿಕೊಂಡನು. ಮೊದಲ ವರ್ಷದ ಕೊಯ್ಲಿನ ಮರುದಿನ ಬೆಳಿಗ್ಗೆ ಮಗಳು ಹೊಲದಲ್ಲಿ ಏನನ್ನು ಕಂಡಳೆಂಬುದನ್ನು ಬರೆಯಬೇಕಾಗಿಲ್ಲ. ಎರಡು ದಿನ ತಾಯಿಜಿಂಕೆಯು ಹೊಲದ ಅಂಚಿನಲ್ಲಿ ನಿಂತಿದ್ದಿತಂತೆ. "ಮೇಷ್ಟ್ರೇ, ಹೊಲವನ್ನೇ ಉತ್ತುಹಾಕಿಬಿಡಲೇ?" ಎಂದು ಅವನು ನಮಗೆ ದೂರವಾಣಿಯಲ್ಲಿ ಕೇಳಿದನು. ವ್ಯಾಕರಣವನ್ನು ಕಲಿಸಿದವರಲ್ಲಿ ಬೇಸಾಯವನ್ನು ಕೇಳುವುದು ಶಿಷ್ಯರ ಸಲುಗೆ. ನಾವು ಓದಿ ತಿಳಿದುಕೊಂಡುದೆಲ್ಲ ಆಮೇಲಿನದು. ಈ ಲೇಖನಕ್ಕೂ ಅದೇ ಕಾರಣ.

ಉಪಾಯಗಳಿಲ್ಲದಿಲ್ಲ. ಕೊಯ್ಲಿನ ಹಿಂದಿನ ಸಂಜೆ ನಾಯಿಯೊಡನೆ ಹೊಲದಲ್ಲೆಲ್ಲ ಅಡ್ಡಾಡಿದರೆ, ಅಥವಾ ಗಾಳಿಗೆ ಪಟಪಟಿಸುವ ಬಟ್ಟೆಯ ಬಾವುಟಗಳನ್ನು ನೆಟ್ಟರೆ, ತಾಯಿಯು ಶಂಕೆಗೊಂಡು ರಾತ್ರಿಯಲ್ಲಿ ಮರಿಯನ್ನು ಬೇರೆಡೆಗೆ ಒಯ್ಯುತ್ತದೆ. ಹೊಲವನ್ನು ಅಂಚಿನಿಂದ ನಡುವಿಗೆ ಕೊಯ್ದರೆ ಒಳಗಿರುವ ಪ್ರಾಣಿಗಳು ಸಿಕ್ಕಿಬೀಳುತ್ತವೆ. ನಡುವಿನಿಂದ ಅಂಚಿಗೆ ಕೊಯ್ದರೆ ಓಡಬಲ್ಲವು ಕಾಡಿಗೆ ಓಡುತ್ತವೆ. ಎಲ್ಲಕ್ಕಿಂತ ಉತ್ತಮವಾದುದು ಜರ್ಮನಿಯಲ್ಲಿ ರೂಢಿಗೆ ಬಂದಿರುವ ಕ್ರಮ. ಅಲ್ಲಿ ರೋ ಎಂಬ ಸಣ್ಣ ಜಾತಿಯ ಜಿಂಕೆಯ ಮರಿಗಳು ಹುಲ್ಲುಗಾವಲಿನ ಕೊಯ್ಲಿನಲ್ಲಿ ಬಹಳವಾಗಿ ಸಾಯುತ್ತಿದ್ದವು. ಈಗ ಸ್ವಯಂಸೇವಕರು ನಸುಕಿನಲ್ಲಿ, ನೆಲವು ಇನ್ನೂ ತಣ್ಣಗಿರುವಾಗ, ಮೈಯ ಶಾಖವನ್ನು ಗುರುತಿಸುವ ಕ್ಯಾಮರಾ ಹೊತ್ತ ಡ್ರೋನುಗಳನ್ನು ಹಾರಿಸುತ್ತಾರೆ. ಕಪ್ಪು ಹೊಲದ ಚಿತ್ರದಲ್ಲಿ ಮರಿಯು ಒಂದು ಬೆಳ್ಳನೆಯ ಚುಕ್ಕೆಯಾಗಿ ಹೊಳೆಯುತ್ತದೆ. ಕೈಗೆ ಹುಲ್ಲನ್ನು ಸುತ್ತಿಕೊಂಡು, ಮನುಷ್ಯನ ವಾಸನೆ ಅಂಟದಂತೆ ಅದನ್ನೆತ್ತಿ, ಪೆಟ್ಟಿಗೆಯಲ್ಲಿಟ್ಟು ಅಂಚಿನ ನೆರಳಿನಲ್ಲಿರಿಸಿ, ಕೊಯ್ಲು ಮುಗಿದೊಡನೆ ಬಿಟ್ಟುಬಿಡುತ್ತಾರೆ. ಇದಕ್ಕೆ ಬೇಕಾದ ಡ್ರೋನುಗಳನ್ನು ಕೊಳ್ಳಲು ಅಲ್ಲಿನ ಸರಕಾರವು 2021ರಿಂದ ಸಹಾಯಧನವನ್ನು ಕೊಟ್ಟಿದೆ. ಯುದ್ಧಕ್ಕೆ ಬಳಸುವ ಯಂತ್ರಕ್ಕೆ ಇಂಥ ಉಪಯೋಗವೂ ಉಂಟೆಂದು ತಿಳಿದಾಗ ನಮಗೆ ಕಣ್ವಾಶ್ರಮದ ನೆನಪಾಯಿತು. ಕಾಲಿದಾಸನ ಶಕುಂತಲೆಯು ತಾಯಿಯಿಲ್ಲದ ಮರಿಯೊಂದನ್ನು ಶ್ಯಾಮಾಕದ ಹಿಡಿಧಾನ್ಯವನ್ನು ತಿನ್ನಿಸಿ ಸಾಕಿದ್ದಳಷ್ಟೆ.

ಆದರೆ ಕಣ್ವಾಶ್ರಮದ ದೃಷ್ಟಿಯನ್ನು ಅಮೆರಿಕದ ಮೇವಿನ ತಾಕಿಗೆ ಅಂಟಿಸಿದರೆ ಸತ್ಯಕ್ಕೆ ಅಪಚಾರವಾದೀತು. ಅಲ್ಲಿ ತಾಕನ್ನು ಬಿತ್ತುವವರಲ್ಲಿ ಬಹುಮಂದಿ ಬೇಟೆಗಾರರು. ಬೇಸಗೆಯಲ್ಲಿ ಮೇಯಿಸಿದ ಜಿಂಕೆಯನ್ನು ನವೆಂಬರಿನಲ್ಲಿ ಅದೇ ಹೊಲದ ಅಂಚಿನಲ್ಲಿ ಮರದ ಮೇಲೆ ಕುಳಿತು ಹೊಡೆಯುತ್ತಾರೆ; ಕೊಂಬು ದೊಡ್ಡದಾಗಲೆಂಬುದೇ ಅನೇಕರ ಉದ್ದೇಶ. ರಾಶಿ ಹಾಕಿದ ಕಾಳಿನ ಹತ್ತಿರ ಹೊಂಚಿ ಹೊಡೆಯುವುದು ಹಲವು ಸಂಸ್ಥಾನಗಳಲ್ಲಿ ಅಪರಾಧ. ಬಿತ್ತಿ ಬೆಳೆದ ಹೊಲದ ಹತ್ತಿರ ಹೊಡೆಯುವುದು ಅಪರಾಧವಲ್ಲ. ನಂಬಿ ಮೇಯಲು ಬಂದುದನ್ನು ಕೊಲ್ಲುವುದಕ್ಕೆ ನಮ್ಮ ಮನಸ್ಸು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನೇ ನಿಷೇಧಿಸಿದೆ. ಹಾಗೆಂದು ಎದುರುಪಕ್ಷದ ಮಾತನ್ನು ಕೇಳದಿರುವುದೂ ನ್ಯಾಯವಲ್ಲ. ತೋಳವೂ ಪೂಮವೂ ಬಹುಭಾಗದಿಂದ ಅಳಿದುಹೋದ ಆ ಸೀಮೆಯಲ್ಲಿ ಜಿಂಕೆಯನ್ನು ಮಿತಿಯಲ್ಲಿಡುವ ಪ್ರಾಣಿಯು ಮನುಷ್ಯನಲ್ಲದೆ ಬೇರೆ ಕಡಿಮೆ. ಮಿತಿಮೀರಿದಲ್ಲಿ ಅವು ಕಾಡಿನ ಎಳೆಯ ಸಸಿಗಳನ್ನೆಲ್ಲ ತಿಂದು ಕಾಡನ್ನೇ ಮುದಿಯಾಗಿಸುತ್ತವೆ. ರಸ್ತೆಗಳಲ್ಲಿ ವಾಹನಗಳಿಗೆ ಅಡ್ಡಬಂದು ತಾವೂ ಸಾಯುತ್ತವೆ, ಜನರನ್ನೂ ಕೊಲ್ಲುತ್ತವೆ. ಮಾಂಸವನ್ನು ಅವರು ಬಿಸಾಡುವುದೂ ಇಲ್ಲ, ಮನೆಯವರೆಲ್ಲ ತಿನ್ನುತ್ತಾರೆ. ನಮ್ಮ ಆಕ್ಷೇಪಣೆಯಿರುವುದು ಬೇಟೆಯೆಂಬುದಕ್ಕಿಂತ ಹೆಚ್ಚಾಗಿ, ಕೊಂಬಿನ ಅಂಗುಲಗಳನ್ನು ಅಳೆದು ಜಿಂಕೆಯನ್ನು ಬೆಲೆಕಟ್ಟುವ ಬುದ್ಧಿಗೆ. ಕೊಂಬಿನ ಗಾತ್ರವು ಮೇವಿನಿಂದ ಮಾತ್ರ ಬರುವುದಲ್ಲ, ವಯಸ್ಸೂ ವಂಶವೂ ಬೇಕು. ಎರಡು ವರ್ಷದ ಗಂಡನ್ನು ಹೊಡೆದುಹಾಕಿ ಕುದುರೆಮಸಾಲೆಯನ್ನು ದೂರುವವರನ್ನು ಏನೆನ್ನೋಣ?

ಬೇಸಗೆಯ ಹಸಿರು ಹೊಲವು ಬೇರೆ, ಚಳಿಗಾಲದಲ್ಲಿ ಕೈಯಾರೆ ಹಾಕುವ ಮೇವು ಬೇರೆ. ಈ ಭೇದವನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಜಿಂಕೆಯದು ನಾಲ್ಕು ಕೋಶಗಳ ಮೆಲುಕುಹಾಕುವ ಹೊಟ್ಟೆ. ಮೊದಲ ಕೋಶದಲ್ಲಿರುವ ಸೂಕ್ಷ್ಮಾಣುಗಳೇ ಆಹಾರವನ್ನು ಜೀರ್ಣಿಸತಕ್ಕವು. ಋತುವಿನ ಆಹಾರಕ್ಕೆ ತಕ್ಕಂತೆ ಅವು ಬದಲಾಗುವುದಕ್ಕೆ ಎರಡು ಮೂರು ವಾರಗಳು ಬೇಕು. ಚಳಿಗಾಲದಲ್ಲಿ ಅವು ಒಣಕಡ್ಡಿಯನ್ನು ಅರಗಿಸುವುದಕ್ಕೆ ಸಿದ್ಧವಾಗಿರುತ್ತವೆ. ಆಗ ಕರುಣೆಯಿಂದ ಒಬ್ಬನು ಮೆಕ್ಕೆಜೋಳವನ್ನು ಸುರಿದರೆ ಹೊಟ್ಟೆಯಲ್ಲಿ ಹುಳಿಯೆದ್ದು ಜಿಂಕೆಯು ಎರಡು ಮೂರು ದಿನಗಳಲ್ಲಿ ಸಾಯಬಹುದು. ಒರಟಾದ ಒಣಮೇವನ್ನು ಹಾಕಿದರೆ ಹೊಟ್ಟೆ ತುಂಬಿರುವಾಗಲೇ ಉಪವಾಸದಿಂದ ಸತ್ತ ಜಿಂಕೆಗಳೂ ಉಂಟು. ಅನ್ನವಿಟ್ಟು ಕೊಂದಂತಾಗುವ ಈ ಸಂಗತಿಯು ಎಷ್ಟೋ ಮಂದಿಗೆ ಇನ್ನೂ ತಿಳಿಯದು.

ಇದಕ್ಕಿಂತ ದೊಡ್ಡದು ಕ್ಷಯಿಸುವ ರೋಗ. 1967ರಲ್ಲಿ ಕೊಲರಾಡೋ ಸಂಸ್ಥಾನದ ಒಂದು ಸಂಶೋಧನಾಲಯದಲ್ಲಿ ಸಾಕಿದ್ದ ಜಿಂಕೆಗಳು ಕಾರಣವಿಲ್ಲದೆ ಬಡಕಲಾಗಿ, ಜೊಲ್ಲುಸುರಿಸಿ, ತೂರಾಡಿ ಸತ್ತವು. ಮಿದುಳನ್ನು ಜಾಲರಿಯಂತೆ ತೂತುಮಾಡುವ ರೋಗವಿದೆಂದು 1978ರಲ್ಲಿ ಗೊತ್ತಾಯಿತು. ಇದರ ಮೂಲವು ಕ್ರಿಮಿಯಲ್ಲ. ಪ್ರಿಯಾನ್ ಎಂಬ, ಆಕಾರ ಕೆಟ್ಟ ಒಂದು ಸಸಾರಜನಕ ಕಣ. ಜೊಲ್ಲಿನಲ್ಲಿಯೂ ಮಲಮೂತ್ರದಲ್ಲಿಯೂ ಹೊರಬಿದ್ದು ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಔಷಧವಿಲ್ಲ. ಮನುಷ್ಯರಿಗೆ ತಗುಲಿದ್ದು ಈವರೆಗೆ ಸಿದ್ಧಪಟ್ಟಿಲ್ಲವಾದರೂ, ರೋಗವುಳ್ಳ ಜಿಂಕೆಯ ಮಾಂಸವನ್ನು ತಿನ್ನಬಾರದೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ಎಚ್ಚರಿಸುತ್ತಾರೆ. 2002ರಲ್ಲಿ ಅದು ವಿಸ್ಕಾನ್ಸಿನ್ ಸಂಸ್ಥಾನದ ಕಾಡುಜಿಂಕೆಗಳಲ್ಲಿ ಕಾಣಿಸಿಕೊಂಡಿತು. ಈಗ ಮೂವತ್ತಕ್ಕೂ ಹೆಚ್ಚು ಸಂಸ್ಥಾನಗಳಿಗೆ ಹಬ್ಬಿದೆ. ಹತ್ತಾರು ಜಿಂಕೆಗಳು ಒಂದೇ ರಾಶಿಗೆ ಮೂತಿಯಿಡುವ ಕಡೆಗಳಲ್ಲಿ ಸೋಂಕಿಗೆ ಅನುಕೂಲ ಹೆಚ್ಚು. ಮೂರು ನಾಲ್ಕು ಎಕರೆಯಲ್ಲಿ ಚದರಿ ಮೇಯುವ ಹೊಲವು ರಾಶಿಯಷ್ಟು ಅಪಾಯಕಾರಿಯಲ್ಲವೆಂಬುದು ನಿಜವಾದರೂ, ಎಲ್ಲೆಡೆಯ ಜಿಂಕೆಗಳನ್ನು ಒಂದೆಡೆಗೆ ಕರೆಯುವ ಚಿಕ್ಕ ತಾಕು ನಿರ್ದೋಷಿಯೆಂದು ನಾವು ಹೇಳಲಾರೆವು.

ಕುದುರೆಮಸಾಲೆಯನ್ನೇ ಕುರಿತ ಒಂದು ದೊಡ್ಡ ಪ್ರಯೋಗವು ವಯೋಮಿಂಗ್ ಸಂಸ್ಥಾನದ ಜ್ಯಾಕ್ಸನ್ ಎಂಬ ಊರಿನ ಬಳಿ ನೂರಕ್ಕೂ ಮಿಕ್ಕ ವರ್ಷಗಳಿಂದ ನಡೆದುಬಂದಿದೆ. ಅಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಮೃಗ, ನಮ್ಮ ಕಡವೆಯ ದೂರದ ನಂಟ, ಚಳಿಗಾಲದಲ್ಲಿ ಬೆಟ್ಟದಿಂದ ಕಣಿವೆಗೆ ಇಳಿಯುವುದು. ಕಣಿವೆಯಲ್ಲಿ ಒಕ್ಕಲು ಬೆಳೆದು ಅವುಗಳ ಮೇವಿನ ನೆಲವೆಲ್ಲ ರೈತರ ಹುಲ್ಲುಹೊಲವಾಯಿತು. ಬಿರುಸಾದ ಚಳಿಗಾಲಗಳಲ್ಲಿ ಸಾವಿರಾರು ಎಲ್ಕ್‌ಗಳು ಮನೆಗಳ ಬಾಗಿಲ ಮುಂದೆಯೇ ಸತ್ತುಬಿದ್ದವು. ಊರಿನವರು ತಮ್ಮ ದನಗಳ ಹುಲ್ಲನ್ನೇ ಹಂಚಿಕೊಟ್ಟರು. ಕಡೆಗೆ 1912ರಲ್ಲಿ ಸರಕಾರವು ಅವುಗಳಿಗಾಗಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿ ಒಣಹುಲ್ಲನ್ನು ಹಾಕುತ್ತ ಬಂತು. 1975ರಿಂದ ಕುದುರೆಮಸಾಲೆಯನ್ನು ಒಣಗಿಸಿ ಅದುಮಿ ಮಾಡಿದ ಗುಳಿಗೆಗಳನ್ನು ಹಿಮದ ಮೇಲೆ ಉದ್ದುದ್ದ ಸಾಲುಗಳಲ್ಲಿ ಎರಚತೊಡಗಿದರು. ಪ್ರಾಣಿಗಳು ಬದುಕಿದವು, ಆದರೆ ಸಾವಿರಗಟ್ಟಲೆ ಒಂದೇ ಸಾಲಿಗೆ ಒತ್ತಿಕೊಂಡು ನಿಲ್ಲುವುದೂ ಬೆಳೆಯಿತು. 2019ರಲ್ಲಿ ಈ ಮೇವನ್ನು ಕ್ರಮೇಣ ಕಡಿಮೆಮಾಡುವ ಯೋಜನೆಯೊಂದು ಹೊರಟಿತು. 2020ರ ಡಿಸೆಂಬರಿನಲ್ಲಿ ನೆರೆಯ ಗ್ರ್ಯಾಂಡ್ ಟೀಟನ್ ಉದ್ಯಾನದಲ್ಲಿ ಕೊಂದ ಒಂದು ಎಲ್ಕಿನಲ್ಲಿ ಆ ಕ್ಷಯಿಸುವ ರೋಗವು ಪತ್ತೆಯಾಯಿತು. ಮೇವನ್ನು ನಿಲ್ಲಿಸಿದರೆ ಈ ಚಳಿಗಾಲದಲ್ಲಿ ಸಾಯುವವೆಷ್ಟು, ನಿಲ್ಲಿಸದಿದ್ದರೆ ಮುಂದಿನ ಇಪ್ಪತ್ತು ಚಳಿಗಾಲಗಳಲ್ಲಿ ಸಾಯುವವೆಷ್ಟು ಎಂಬ ಲೆಕ್ಕದಲ್ಲಿ ಅಲ್ಲಿನವರು ಎರಡು ಪಕ್ಷವಾಗಿದ್ದಾರೆ. ನೂರು ವರ್ಷ ಉಣಬಡಿಸಿದ ಎಲೆಯನ್ನು ಎತ್ತಿಕೊಳ್ಳುವುದು ಬಡಿಸುವುದಕ್ಕಿಂತ ಕಷ್ಟವಾಗಿದೆ.

ನಮ್ಮ ಶಿಷ್ಯನು ಹೊಲವನ್ನು ಉಳಲಿಲ್ಲ. ನೆರೆಯ ರೈತನೊಡನೆ ಮಾತಾಡಿ, ಮೊದಲ ಕೊಯ್ಲನ್ನು ಜೂನ್ ತಿಂಗಳ ನಡುವಿನ ಪರ್ಯಂತ ತಡಮಾಡುವುದಕ್ಕೆ ಒಪ್ಪಿಸಿದನು. ಮೇವು ಬಲಿತು ಸಾರಗುಂದುವುದರಿಂದ ರೈತನಿಗೆ ಆಗುವ ನಷ್ಟವನ್ನು ತಾನು ಕೊಡುತ್ತಾನೆ. ಕೊಯ್ಲಿನ ಹಿಂದಿನ ಸಂಜೆ ಅಪ್ಪ ಮಗಳು ಇಬ್ಬರೂ ಹೊಲವನ್ನು ಸಾಲುಸಾಲಾಗಿ ನಡೆದು ನೋಡುತ್ತಾರೆ. ಬೇಟೆಗೆ ಯಾರಿಗೂ ಅಪ್ಪಣೆ ಕೊಟ್ಟಿಲ್ಲ; ಇದರಿಂದ ನೆರೆಹೊರೆಯಲ್ಲಿ ಕೆಲವರಿಗೆ ಅಸಮಾಧಾನವಿದೆಯಂತೆ. ಚಳಿಗಾಲದಲ್ಲಿ ಜೋಳವನ್ನು ಸುರಿಯುವ ಆಸೆಯನ್ನು ಹೆಂಡತಿಯು ಬಿಟ್ಟಿದ್ದಾಳೆ.

ಅಲ್ಲಿ ಮಕ್ಕಳಿರುವ ವಾಚಕರಿಗೆ ಒಂದು ವಿಜ್ಞಾಪನೆ. ಹಿತ್ತಿಲಿಗೆ ಬರುವ ಜಿಂಕೆಗೆ ರೊಟ್ಟಿಯನ್ನೋ ಕಾಳನ್ನೋ ಹಾಕುವುದು ಅನೇಕ ಸಂಸ್ಥಾನಗಳಲ್ಲಿ, ಕೆಲವೆಡೆ ಆಯಾ ಜಿಲ್ಲೆಯ ಮಟ್ಟಿಗೆ, ದಂಡಕ್ಕೆ ಗುರಿಯಾಗತಕ್ಕ ಕೆಲಸ. ರೋಗವು ಹೊಸದಾಗಿ ಕಂಡಲ್ಲಿ ನಿಯಮವು ಬದಲಾಗುವುದೂ ಉಂಟು. ಹೊಲವಾಗಿ ಬಿತ್ತುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಿತ್ತುವ ಮುಂಚೆ ಆಯಾ ಸಂಸ್ಥಾನದ ವನ್ಯಜೀವಿ ಇಲಾಖೆಯಲ್ಲಿ ವಿಚಾರಿಸಿ, ಮಣ್ಣನ್ನು ವಿಶ್ವವಿದ್ಯಾನಿಲಯದ ಕೃಷಿ ವಿಸ್ತರಣಾ ಕಛೇರಿಗೆ ಪರೀಕ್ಷೆಗೆ ಕಳುಹಿಸಬೇಕು. ಸುಣ್ಣದ ಪ್ರಮಾಣವನ್ನು ಅವರೇ ಬರೆದು ತಿಳಿಸುತ್ತಾರೆ.